ಸೋರಿದರೆ ಕಡಿಮೆಯಾಗಬೇಕಲ್ಲ: ಹೆಚ್ಚುವರಿ ಆಯಾಮದ ಬೆನ್ನು ಹತ್ತಿದ ಒಂದು ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಕಾರವಾರದ ಪದವಿ ಕಾಲೇಜೊಂದರಲ್ಲಿ ಕೆಲವು ವರ್ಷಗಳ ಹಿಂದೆ ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬಳು ಮಾಡಿದ ಪ್ರಾಜೆಕ್ಟು, ಅದು ಹಾದಿ ತಪ್ಪಿದ ಬಗೆ, ತಪ್ಪಿದ್ದು ಗೊತ್ತಾದ ಮೇಲೆ ಹಿಡಿದ ಬೇರೆ ಹಾದಿ, ಇವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕಾಲೇಜಿನ ಹೆಸರು, ನಿಖರವಾದ ಇಸವಿ, ವಿದ್ಯಾರ್ಥಿನಿಯ ಊರು ಇವನ್ನು ಬೇಕೆಂದೇ ಬಿಟ್ಟಿದ್ದೇನೆ; ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ. ಮಾರ್ಗದರ್ಶಕನಾಗಿದ್ದವನು ನಾನೇ ಆದ್ದರಿಂದ, ಮುಂದೆ ಬರುವ ತಪ್ಪು ಹೆಜ್ಜೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನನ್ನ ಖಾತೆಗೇ ಬರೆದುಕೊಳ್ಳಬೇಕು.

ಹಿನ್ನೆಲೆ

ನಮ್ಮಲ್ಲಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟು ಎಂದರೆ ಸಾಮಾನ್ಯವಾಗಿ ಸೋಲಾರ್ ಸೆಲ್ಲಿನ ದಕ್ಷತೆ, ಸಮುದ್ರದ ನೀರಿನ ವಕ್ರೀಭವನಾಂಕ, ಹೆಚ್ಚೆಂದರೆ ಒಂದು ಸಣ್ಣ ಎಲೆಕ್ಟ್ರಾನಿಕ್ ಸರ್ಕಿಟ್. ಮೂರು ತಿಂಗಳಲ್ಲಿ ಮುಗಿಯಬೇಕು, ಪ್ರಯೋಗಾಲಯದಲ್ಲಿ ಇರುವ ಸಾಮಾನಿನಲ್ಲಿಯೇ ಆಗಬೇಕು, ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಲು ಒಂದು ಗ್ರಾಫ್ ಇರಬೇಕು. ಈ ವಿದ್ಯಾರ್ಥಿನಿ ಅಘನಾಶಿನಿಯ ಅಳಿವೆಯ ಕಡೆಯವಳು. ಮನೆಯವರಿಗೆ ಸ್ವಲ್ಪ ಗಜನಿ ಭೂಮಿ, ಎಂದರೆ ಅಳಿವೆಯ ಉಪ್ಪುನೀರು ಹೊಗುವ ತಗ್ಗು ಗದ್ದೆ, ಇದೆ; ಮಳೆಗಾಲದಲ್ಲಿ ಕಗ್ಗದ ಭತ್ತ, ಉಳಿದ ಕಾಲದಲ್ಲಿ ಉಪ್ಪುನೀರು ನಿಲ್ಲಿಸಿ ಮೀನು, ಶೆಟ್ಲಿ (ಸಿಗಡಿ). ಅವಳು ಕಾರವಾರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಗಣಿತದಲ್ಲಿ ಚುರುಕು, ಮಾತು ಕಡಿಮೆ. ಅವಳು ತಂದ ಪ್ರಸ್ತಾವನೆ ಒಂದೇ ವಾಕ್ಯದ್ದು: ಕಪ್ಪು ದ್ರವ್ಯ ಮತ್ತು ಕಪ್ಪು ಶಕ್ತಿ ಎಂಬ ಎರಡು ಅಪರಿಚಿತ ಪದಾರ್ಥಗಳು ಬೇಕಾಗಿಲ್ಲ, ಗುರುತ್ವವು ನಮಗೆ ಕಾಣದ ಒಂದು ಹೆಚ್ಚುವರಿ ಆಯಾಮಕ್ಕೆ ಸೋರುತ್ತಿದೆ ಎಂದು ಭಾವಿಸಿದರೆ ಎರಡೂ ಒಟ್ಟಿಗೆ ವಿವರಿಸಲ್ಪಡುತ್ತವೆ.

ಇದರ ಹಿಂದಿನ ಕಥೆ ಓದುಗರಲ್ಲಿ ಹಲವರಿಗೆ ಗೊತ್ತಿದ್ದದ್ದೇ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಗೆಲಾಕ್ಸಿ ಗುಚ್ಛವನ್ನು ಅಳೆದಾಗ, ಅಲ್ಲಿನ ಗೆಲಾಕ್ಸಿಗಳು ಕಣ್ಣಿಗೆ ಕಾಣುವ ದ್ರವ್ಯದ ಎಳೆತಕ್ಕೆ ಮೀರಿದ ವೇಗದಲ್ಲಿ ಓಡಾಡುತ್ತಿದ್ದವು. 1970ರಲ್ಲಿ ವೇರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ಪರಿಭ್ರಮಣ ವೇಗವನ್ನು ಅಳೆದರು. ಮುಂದಿನ ವರ್ಷಗಳಲ್ಲಿ ಗೆಲಾಕ್ಸಿಯ ನಂತರ ಗೆಲಾಕ್ಸಿಯಲ್ಲಿ ಅಂಚಿಗೆ ಹೋದರೂ ವೇಗ ಇಳಿಯದೆ ಸಮತಟ್ಟಾಗಿ ನಿಲ್ಲುವುದು ಕಂಡಿತು. ಈ ಹೆಚ್ಚಿನ ಎಳೆತಕ್ಕೆ ಕಾರಣವೆಂದು ಊಹಿಸಿದ ಕಾಣದ ದ್ರವ್ಯವೇ ಕಪ್ಪು ದ್ರವ್ಯ. ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಕಪ್ಪು ಶಕ್ತಿಯ ಮಾತು ಬಂದದ್ದು 1998ರಲ್ಲಿ, ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿ ಕಂಡು, ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ಎರಡು ತಂಡಗಳು ಹೇಳಿದಾಗ. ಈಗಿನ ಲೆಕ್ಕದಲ್ಲಿ ವಿಶ್ವದ ಶಕ್ತಿಯ ಸುಮಾರು 68 ಪ್ರತಿಶತ ಕಪ್ಪು ಶಕ್ತಿ, 27 ಪ್ರತಿಶತ ಕಪ್ಪು ದ್ರವ್ಯ, ನಾವು ನೀವು ನಕ್ಷತ್ರ ನದಿ ಎಲ್ಲ ಸೇರಿ ಉಳಿದ 5.

ಹೆಚ್ಚುವರಿ ಆಯಾಮದ ಕಲ್ಪನೆಗೆ ಇದಕ್ಕಿಂತ ಹೆಚ್ಚು ವಯಸ್ಸಾಗಿದೆ. ಥಿಯೋಡೋರ್ ಕಲುಝಾ 1921ರಲ್ಲಿ ಐದು ಆಯಾಮಗಳಲ್ಲಿ (ಮೂರು ದಿಕ್ಕು, ಕಾಲ, ಜೊತೆಗೆ ಇನ್ನೊಂದು ದಿಕ್ಕು) ಗುರುತ್ವವನ್ನು ಬರೆದರೆ ಅದರೊಳಗಿಂದ ವಿದ್ಯುತ್ಕಾಂತತೆಯೂ ಹೊರಬರುತ್ತದೆ ಎಂದು ತೋರಿಸಿದರು. ಆ ಐದನೆಯದು ನಮಗೇಕೆ ಕಾಣದು ಎಂಬುದಕ್ಕೆ, ಅದು ತೀರ ಚಿಕ್ಕ ಸುರುಳಿಯಾಗಿ ಸುತ್ತಿಕೊಂಡಿದೆ ಎಂಬ ಉತ್ತರವನ್ನು 1926ರಲ್ಲಿ ಆಸ್ಕರ್ ಕ್ಲೈನ್ ಕೊಟ್ಟರು. 1998ರಲ್ಲಿ ಅರ್ಕಾನಿ-ಹಮೆದ್, ಡಿಮೋಪೌಲೋಸ್, ದ್ವಾಲಿ ಈ ಮೂವರು, ಸುರುಳಿ ಅಷ್ಟು ಚಿಕ್ಕದಿರಬೇಕೆಂದಿಲ್ಲ, ಮಿಲಿಮೀಟರಿನ ಆಸುಪಾಸಿನಲ್ಲಿದ್ದರೂ ಅಂದಿನ ಪ್ರಯೋಗಗಳಿಗೆ ಸಿಕ್ಕಿರಲಾರದು ಎಂದಾಗ ವಿಷಯಕ್ಕೆ ಮತ್ತೆ ಜೀವ ಬಂತು. ಉಳಿದ ಬಲಗಳು, ದ್ರವ್ಯ, ಬೆಳಕು ಎಲ್ಲವೂ ನಮ್ಮ ಮೂರು ಆಯಾಮದ ಹಾಳೆಗೆ ಅಂಟಿಕೊಂಡಿವೆ, ಗುರುತ್ವಕ್ಕೆ ಮಾತ್ರ ಹಾಳೆಯಿಂದ ಹೊರಗೆ ಹೋಗುವ ಪರವಾನಗಿ ಇದೆ, ಆದ್ದರಿಂದಲೇ ಅದು ಉಳಿದ ಬಲಗಳೆದುರು ಇಷ್ಟು ಕ್ಷೀಣ ಎಂಬುದು ಅವರ ವಾದ.

ಸಮಸ್ಯೆ, ಮತ್ತು ಮೊದಲ ನಿರ್ಧಾರ

ಪ್ರಸ್ತಾವನೆಯನ್ನು ಒಪ್ಪಬೇಕೇ ಎಂಬುದು ಮೊದಲ ಪ್ರಶ್ನೆ. ವಿಭಾಗದ ಹಿರಿಯರೊಬ್ಬರು, ‘ಇದನ್ನು ಮಾಡಲು ದೊಡ್ಡ ದೊಡ್ಡ ಸಂಸ್ಥೆಗಳಿವೆ, ನಮ್ಮ ಹುಡುಗಿ ಸೋಲಾರ್ ಸೆಲ್ ಮಾಡಲಿ’ ಎಂದರು. ಆದರೂ ನಾನು ಅವಳ ಪ್ರಸ್ತಾವನೆಯನ್ನು ಒಪ್ಪಿದೆ. ವಿಷಯದ ಮೇಲಿನ ನಂಬಿಕೆಗಿಂತ ಆ ಒಂದು ವಾಕ್ಯದ ಅಚ್ಚುಕಟ್ಟೇ ನನ್ನನ್ನು ಹಿಡಿಯಿತು: ಎರಡು ಒಗಟು, ಒಂದು ಉತ್ತರ. ಅಚ್ಚುಕಟ್ಟಾದ ವಾಕ್ಯದ ಎದುರು ಮೇಷ್ಟರುಗಳು ಎಷ್ಟು ಬೇಗ ಸೋಲುತ್ತಾರೆ ಎಂಬುದಕ್ಕೆ ನಾನು ಸಾಕ್ಷಿ. ಒಪ್ಪುವಾಗ ಒಂದು ಷರತ್ತು ಹಾಕಿದೆ, ಅದೊಂದು ಮಾತ್ರ ಸರಿಯಾದದ್ದು: ಸಿದ್ಧಾಂತದ ಸಾರಾಂಶ ಬರೆದುಕೊಂಡು ಬಂದರೆ ಸಾಲದು, ನಿಜವಾದ ಒಂದು ಗೆಲಾಕ್ಸಿಯ ಅಳತೆಗೆ ನಿನ್ನ ಸೂತ್ರವನ್ನು ಹಚ್ಚಿ ತೋರಿಸಬೇಕು.

ಅಳತೆ ಸಿಗುವುದು ಕಷ್ಟವಾಗಲಿಲ್ಲ. ಸ್ಪಾರ್ಕ್ ಎಂಬ ಹೆಸರಿನಲ್ಲಿ 175 ಗೆಲಾಕ್ಸಿಗಳ ಪರಿಭ್ರಮಣ ವೇಗದ ಕೋಷ್ಟಕ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಲಭ್ಯವಿದೆ. ಅದರಿಂದ ಅವಳು ಎನ್‌ಜಿಸಿ 3198 ಎಂಬ, ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಸುರುಳಿ ಗೆಲಾಕ್ಸಿಯನ್ನು ಆರಿಸಿಕೊಂಡಳು. ಅದರ ವೇಗ ಸೆಕೆಂಡಿಗೆ ಸುಮಾರು 150 ಕಿಲೋಮೀಟರಿಗೆ ಏರಿ, ಅಲ್ಲಿಂದ ಮುಂದೆ ಕೇಂದ್ರದಿಂದ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷದವರೆಗೂ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ. ಆ ದೂರದಲ್ಲಿ ಆ ವೇಗ ಉಳಿಯಬೇಕಾದರೆ ನ್ಯೂಟನ್ನನ ನಿಯಮದಂತೆ ಒಳಗೆ ಸುಮಾರು 15,700 ಕೋಟಿ ಸೂರ್ಯರಷ್ಟು ದ್ರವ್ಯ ಇರಬೇಕು. ನಕ್ಷತ್ರ ಮತ್ತು ಅನಿಲ ಎರಡನ್ನೂ ಕೂಡಿಸಿದರೆ ಸಿಗುವುದು ಅದರ ಕಾಲು ಭಾಗಕ್ಕೂ ಕಡಿಮೆ.

ಗ್ರಾಫ್ ಕೂತಿತು

ಮೊದಲ ಐದು ವಾರ ಕೆಲಸ ಸಲೀಸಾಗಿ ನಡೆಯಿತು. ಈಗ ಹಿಂದಿರುಗಿ ನೋಡಿದರೆ ಅನುಮಾನ ಬರಬೇಕಾಗಿದ್ದದ್ದು ಅಲ್ಲಿಯೇ. ಅವಳು ನ್ಯೂಟನ್ನನ ವಿಲೋಮ ವರ್ಗ ನಿಯಮಕ್ಕೆ ಒಂದು ಪದವನ್ನು ಸೇರಿಸಿದಳು. ಹತ್ತಿರದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಒಂದು ನಿರ್ದಿಷ್ಟ ದೂರ ದಾಟಿದ ಮೇಲೆ ಅದೇ ಮೇಲುಗೈ ಪಡೆದು, ಬಲವು ದೂರದ ವರ್ಗಕ್ಕೆ ಬದಲು ಬರೀ ದೂರಕ್ಕೆ ವಿಲೋಮವಾಗಿ ಇಳಿಯತೊಡಗುತ್ತದೆ. ಹಾಗೆ ಇಳಿದರೆ ವೇಗ ಸಮತಟ್ಟಾಗುವುದು ಎರಡೇ ಸಾಲಿನ ಬೀಜಗಣಿತ. ಆ ನಿರ್ದಿಷ್ಟ ದೂರವನ್ನು ‘ಸೋರುವ ದೂರ’ ಎಂದು ಕರೆದು, ಸ್ಪ್ರೆಡ್‌ಶೀಟಿನಲ್ಲಿ ಹಿಂದೆ ಮುಂದೆ ಸರಿಸಿ ನೋಡಿ, ಸುಮಾರು 27,000 ಜ್ಯೋತಿರ್ವರ್ಷ ಎಂದು ಇಟ್ಟಾಗ ಗೆರೆ ಹೊರ ಅಂಚಿನ ಬಿಂದುಗಳ ಮೇಲೆ ಹೋಗಿ ಕೂತಿತು. ನಾವಿಬ್ಬರೂ ಆ ದಿನ ಬಹಳ ಖುಷಿಪಟ್ಟೆವು. ಗ್ರಾಫನ್ನು ಸ್ಟಾಫ್ ರೂಮಿನಲ್ಲಿ ತೋರಿಸಿಕೊಂಡು ಬಂದವನು ನಾನು.

ಮೊದಲ ಎಚ್ಚರಿಕೆ ಎರಡನೇ ಗೆಲಾಕ್ಸಿಯಿಂದ ಬಂತು. ಡಿಡಿಒ 154 ಎಂಬ ಕುಬ್ಜ ಗೆಲಾಕ್ಸಿಗೆ ಅದೇ ಸೂತ್ರ ಹಚ್ಚಿದಾಗ, ಅಲ್ಲಿನ ವೇಗ ಸೆಕೆಂಡಿಗೆ 47 ಕಿಲೋಮೀಟರಿನಷ್ಟೇ, ದ್ರವ್ಯವೂ ಅಲ್ಪ, ಗೆರೆ ಕೂರಬೇಕಾದರೆ ಸೋರುವ ದೂರ ಸುಮಾರು 3,000 ಜ್ಯೋತಿರ್ವರ್ಷ ಇರಬೇಕಾಯಿತು. ಎಂದರೆ ಒಂಬತ್ತರಲ್ಲಿ ಒಂದು. ಆಯಾಮದ ಅಳತೆ ವಿಶ್ವಕ್ಕೆಲ್ಲ ಒಂದೇ ಇರಬೇಕಾದದ್ದು. ಗೆಲಾಕ್ಸಿಗೊಂದರಂತೆ ಅಳತೆ ಬದಲಿಸುವ ಆಯಾಮ ಆಯಾಮವೇ ಅಲ್ಲ. ಅವಳು ಇದನ್ನು ಹಿಂಜರಿಯುತ್ತ ತೋರಿಸಿದಳು. ಕುಬ್ಜ ಗೆಲಾಕ್ಸಿಗಳ ಅಳತೆಯಲ್ಲಿ ಅನಿಶ್ಚಿತತೆ ಹೆಚ್ಚು, ಸದ್ಯ ಪಕ್ಕಕ್ಕಿಡು ಎಂದೆ. ಒಂಬತ್ತು ಪಟ್ಟಿನ ವ್ಯತ್ಯಾಸವನ್ನು ಯಾವ ಅನಿಶ್ಚಿತತೆಯೂ ನುಂಗಲಾರದು ಎಂಬುದು ನನಗೆ ಗೊತ್ತಿರಬೇಕಾಗಿತ್ತು. ಗೆಲಾಕ್ಸಿಯ ದ್ರವ್ಯ ಮತ್ತು ಅದರ ಸಮತಟ್ಟು ವೇಗದ ನಡುವೆ ಖಗೋಳಜ್ಞರು ಕಂಡಿರುವ ಸಂಬಂಧವೇ ಬೇರೆ: ದ್ರವ್ಯವು ವೇಗದ ನಾಲ್ಕನೇ ಘಾತಕ್ಕೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ. ಸೋರುವ ದೂರವನ್ನು ಎಲ್ಲೆಡೆ ಒಂದೇ ಎಂದು ಹಿಡಿದರೆ ನಮ್ಮ ಸೂತ್ರ ಕೊಡುತ್ತಿದ್ದದ್ದು ಎರಡನೇ ಘಾತ. ಅಂದು ಸಂಜೆ ಹತ್ತು ನಿಮಿಷ ಕೂತಿದ್ದರೆ ಇದು ಹೊಳೆಯುತ್ತಿತ್ತು. ಕೂರಲಿಲ್ಲ.

ಏಡಿಯ ತೂತು

ಶಿವರಾತ್ರಿಯ ರಜೆಗೆ ಅವಳು ಊರಿಗೆ ಹೋದಳು. ಅದು ಗಜನಿಯಲ್ಲಿ ಉಪ್ಪುನೀರು ನಿಲ್ಲಿಸುವ ಕಾಲ. ಭರತಿಯಲ್ಲಿ ಗೇಟು ತೆರೆದು ಹೊಳೆಯ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಇಳಿತಕ್ಕೆ ಮೊದಲು ಹಲಗೆ ಇಳಿಸಿ ಮುಚ್ಚುತ್ತಾರೆ. ನೀರಿನೊಂದಿಗೆ ಬಂದ ಮೀನು ಒಳಗೇ ಉಳಿಯಬೇಕು. ಆ ವಾರ ಅವರ ಗದ್ದೆಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ಅಪ್ಪ ಗೇಟಿನ ಪಕ್ಕ ಒಂದು ಬಿದಿರಿನ ಕೋಲು ಹುಗಿದು, ಅದಕ್ಕೆ ಕತ್ತಿಯಿಂದ ಕಚ್ಚು ಹಾಕಿ, ಪ್ರತಿ ಇಳಿತಕ್ಕೂ ನೀರು ಎಷ್ಟು ಕಚ್ಚು ಇಳಿಯಿತೆಂದು ನೋಡುತ್ತಿದ್ದರು. ಹಲಗೆ ಸರಿಯಾಗಿಯೇ ಇತ್ತು. ಕೊನೆಗೆ ಸಿಕ್ಕಿದ್ದು ಕಟ್ಟೆಯ ಬುಡದಲ್ಲಿ ಏಡಿ ಕೊರೆದ ತೂತು. ಮುಷ್ಟಿಯೂ ಹೋಗದಷ್ಟು ಸಣ್ಣದು, ಕೆಸರು ಮತ್ತು ಹುಲ್ಲು ತುರುಕಿ ಮುಚ್ಚಿದರಂತೆ.

ರಜೆ ಮುಗಿಸಿ ಬಂದವಳು ಪ್ರಯೋಗಾಲಯದ ಬಾಗಿಲಲ್ಲಿಯೇ ನಿಂತು ಕೇಳಿದಳು: “ಸರ್, ಸೋರಿದರೆ ಗದ್ದೆಯಲ್ಲಿ ನೀರು ಕಡಿಮೆ ಆಗಬೇಕಲ್ಲ? ನಮ್ಮ ಗೆಲಾಕ್ಸಿಯಲ್ಲಿ ಹೆಚ್ಚು ಹೇಗೆ ಆಯಿತು?”

ಇಡೀ ಪ್ರಾಜೆಕ್ಟು ತಿರುಗಿದ್ದು ಈ ಪ್ರಶ್ನೆಯ ಮೇಲೆ. ಅದನ್ನು ಬಿಡಿಸಿಯೇ ಹೇಳಬೇಕು. ಮೂರು ದಿಕ್ಕುಗಳಿರುವ ಜಾಗದಲ್ಲಿ ಒಂದು ಕಾಯದ ಗುರುತ್ವ ಸುತ್ತಲೂ ಹರಡಿಕೊಳ್ಳುವುದು ಗೋಳದ ಮೇಲ್ಮೈ ಮೇಲೆ. ಮೇಲ್ಮೈ ದೂರದ ವರ್ಗದಂತೆ ಬೆಳೆಯುತ್ತದೆ, ಆದ್ದರಿಂದ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ನಾಲ್ಕನೇ ದಿಕ್ಕೊಂದು ಸೇರಿದರೆ ಹರಡಿಕೊಳ್ಳಲು ಇನ್ನೂ ಹೆಚ್ಚು ಜಾಗ, ಆದ್ದರಿಂದ ಬಲ ದೂರದ ಘನಕ್ಕೆ ವಿಲೋಮವಾಗಿ, ಎಂದರೆ ಇನ್ನೂ ಬೇಗ ಇಳಿಯುತ್ತದೆ. ಗೆಲಾಕ್ಸಿಗೆ ಬೇಕಾಗಿರುವುದು ನಿಧಾನ ಇಳಿಯುವ ಬಲ. ನಮ್ಮ ಗ್ರಾಫಿನಲ್ಲಿ ಅಷ್ಟು ಚೆಂದವಾಗಿ ಕೂತ, ಬರೀ ದೂರಕ್ಕೆ ವಿಲೋಮವಾಗಿ ಇಳಿಯುವ ಬಲವಿದೆಯಲ್ಲ, ಅದು ಎರಡೇ ದಿಕ್ಕುಗಳಿರುವ ಜಾಗದ ನಿಯಮ. ಐದು ವಾರ ಕೂತು ನಾವು ಜಗತ್ತಿಗೆ ಒಂದು ಆಯಾಮ ಸೇರಿಸಿದ್ದೇವೆಂದು ತಿಳಿದಿದ್ದೆವು. ಲೆಕ್ಕದಲ್ಲಿ ಇದ್ದ ಮೂರರಲ್ಲಿ ಒಂದನ್ನು ಕಿತ್ತು ಹಾಕಿದ್ದೆವು.

ಅವಳು ಬೋರ್ಡಿನ ಮೇಲೆ ಮೂರು ಅಂಕಿ ಬರೆದಳು. ಸೆಕೆಂಡಿಗೆ 150 ಕಿಲೋಮೀಟರ್ ವೇಗ ಇರುವ ಕಡೆಯಿಂದ, ಹೊಸ ದ್ರವ್ಯವೇನೂ ಸಿಗದೆ, ಎರಡು ಪಟ್ಟು ದೂರಕ್ಕೆ ಹೋದರೆ ನ್ಯೂಟನ್ನನ ಪ್ರಕಾರ ವೇಗ 106ಕ್ಕೆ ಇಳಿಯಬೇಕು. ಅಲ್ಲಿಂದಾಚೆ ಗುರುತ್ವ ನಾಲ್ಕನೇ ದಿಕ್ಕಿಗೆ ಸೋರುತ್ತಿದ್ದರೆ 75ಕ್ಕೆ. ದುರ್ಬೀನಿಗೆ ಕಾಣುವುದು 150. ಸೋರಿಕೆಯು ಕಪ್ಪು ದ್ರವ್ಯದ ಒಗಟನ್ನು ಬಿಡಿಸುವ ಬದಲು ಇನ್ನಷ್ಟು ಗಂಟು ಹಾಕುತ್ತದೆ.

ಈ ದಿಕ್ಕಿನ ತಪ್ಪು ನನಗೆ ಏಕೆ ಕಾಣಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ‘ಹೆಚ್ಚುವರಿ ಆಯಾಮದಿಂದ ಗುರುತ್ವದ ನಿಯಮ ಬದಲಾಗುತ್ತದೆ’ ಎಂಬುದನ್ನು ನಾನು ಓದಿದ್ದೆ. ‘ಗೆಲಾಕ್ಸಿಗಳಲ್ಲಿ ಗುರುತ್ವದ ನಿಯಮ ಬದಲಾಗಬೇಕಾಗಬಹುದು’ ಎಂಬುದನ್ನೂ ಓದಿದ್ದೆ. ‘ಬದಲಾಗುವುದು’ ಎಂಬ ಒಂದೇ ಶಬ್ದ ಎರಡೂ ಕಡೆ ಇದ್ದದ್ದರಿಂದ ಎರಡನ್ನೂ ಒಂದೇ ಎಂದುಕೊಂಡೆ. ಏರುವುದೂ ಬದಲಾವಣೆ, ಇಳಿಯುವುದೂ ಬದಲಾವಣೆ.

ಅದೇ ತೂತಿನಿಂದ ಭರತಿಯ ನೀರು

ಈಗ ಎರಡನೇ ನಿರ್ಧಾರ. ಸೆಮಿಸ್ಟರ್ ಅರ್ಧ ಮುಗಿದಿತ್ತು. ವಿಷಯ ಬಿಟ್ಟು ಸೋಲಾರ್ ಸೆಲ್ಲಿಗೆ ಹೋಗಬಹುದಿತ್ತು; ಗ್ರಾಫ್ ಚೆಂದ ಇದೆಯಲ್ಲ, ಅರ್ಥದ ಗೊಡವೆ ಬಿಟ್ಟು ಹಾಗೆಯೇ ಒಪ್ಪಿಸಿಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವಳು ಮೂರನೆಯದನ್ನು ಆರಿಸಿಕೊಂಡಳು: ಶೀರ್ಷಿಕೆಯನ್ನು ‘ಒಂದೇ ಹೆಚ್ಚುವರಿ ಆಯಾಮ ಎರಡೂ ಒಗಟುಗಳನ್ನು ಏಕೆ ಬಿಡಿಸಲಾರದು’ ಎಂದು ತಿರುಗಿಸಿ, ಸಾಧ್ಯವಿರುವ ಒಂದೊಂದು ದಾರಿಯನ್ನೂ ದಿಕ್ಕು, ಅಳತೆ, ಸಾಕ್ಷ್ಯ ಎಂಬ ಮೂರು ಕಾಲಂಗಳಲ್ಲಿ ಪರೀಕ್ಷಿಸುವುದು.

ಕಪ್ಪು ಶಕ್ತಿಯ ಕಡೆ ಸೋರಿಕೆಯ ದಿಕ್ಕು ಅಷ್ಟೊಂದು ತಪ್ಪಲ್ಲ. 2000ರಲ್ಲಿ ದ್ವಾಲಿ, ಗಬಾದಾಡ್ಜೆ, ಪೊರಾಟಿ ಮುಂದಿಟ್ಟ ಮಾದರಿಯಲ್ಲಿ ಹೆಚ್ಚುವರಿ ಆಯಾಮ ಸುರುಳಿಯಲ್ಲ, ಅಪಾರವಾಗಿ ಚಾಚಿದ್ದು. ಹತ್ತಿರದಲ್ಲಿ ಗುರುತ್ವ ನಮ್ಮ ಹಾಳೆಯಲ್ಲಿಯೇ ಉಳಿಯುತ್ತದೆ, ಬಹುದೂರದಲ್ಲಿ ಸೋರುತ್ತದೆ. ಕಪ್ಪು ಶಕ್ತಿಯ ಹಂಗಿಲ್ಲದೆಯೇ ವಿಶ್ವವು ವೇಗ ಪಡೆದು ಹಿಗ್ಗುವ ಪರಿಹಾರವೊಂದು ಆ ಸಮೀಕರಣಗಳಲ್ಲಿ ಇದೆ. ಆದರೆ ಅಲ್ಲಿ ಸೋರಿಕೆ ಶುರುವಾಗುವ ದೂರ ಸಾವಿರ ಕೋಟಿ ಜ್ಯೋತಿರ್ವರ್ಷಗಳ ಆಸುಪಾಸಿನದು. ಗೆಲಾಕ್ಸಿಯೊಳಗೆ ಅದರ ಸುಳಿವೇ ಇರುವುದಿಲ್ಲ. ಒಂದೇ ತೂತಿನಿಂದ ಎರಡು ಕೆಲಸ ಎಂಬ ಅವಳ ಮೊದಲಿನ ವಾಕ್ಯ ಇಲ್ಲಿಗೆ ಮುಗಿಯಿತು. ಆ ಮಾದರಿಗೆ ತನ್ನದೇ ತಾಪತ್ರಯಗಳೂ ಇವೆ: ವೇಗವರ್ಧನೆಯ ಪರಿಹಾರದಲ್ಲಿ ಋಣಾತ್ಮಕ ಚಲನಶಕ್ತಿಯ ಒಂದು ಸ್ಥಿತಿ ನುಸುಳುತ್ತದೆ, ಭೌತಶಾಸ್ತ್ರಜ್ಞರು ಅದನ್ನು ‘ಘೋಸ್ಟ್’ ಎಂದೇ ಕರೆಯುತ್ತಾರೆ, ಅದು ಒಳಗಿದ್ದರೆ ವ್ಯವಸ್ಥೆ ಸ್ಥಿರವಾಗಿ ನಿಲ್ಲದು. ವಿಶ್ವದ ಅಳತೆಗಳೊಂದಿಗೂ ಅದು ಸರಿಯಾಗಿ ಹೊಂದಲಿಲ್ಲ.

ಗುರುತ್ವದ ಅಲೆಗಳಿಂದ ಇನ್ನೊಂದು ನೇರ ಸಾಕ್ಷ್ಯ ಸಿಕ್ಕಿತು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಸಮ್ಮಿಲನದ ಅಲೆ ಭೂಮಿಗೆ ಮುಟ್ಟಿತು. ಅದರ ಹಿಂದೆಯೇ, 1.7 ಸೆಕೆಂಡಿಗೆ, ಗಾಮಾ ಕಿರಣ ಬಂತು. ನಡೆದದ್ದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ. ಅಲೆ ದಾರಿಯಲ್ಲಿ ಬೇರೆ ಆಯಾಮಕ್ಕೆ ಸೋರಿದ್ದರೆ ಅದು ನಮ್ಮನ್ನು ಮುಟ್ಟುವಾಗ ಇನ್ನೂ ಕ್ಷೀಣವಾಗಿರಬೇಕಿತ್ತು, ಅದರ ಬಲದಿಂದ ಲೆಕ್ಕ ಹಾಕಿದ ದೂರ ನಿಜವಾದ ದೂರಕ್ಕಿಂತ ಹೆಚ್ಚು ಬರಬೇಕಿತ್ತು. ಎರಡೂ ದೂರ ಅಳತೆಯ ಮಿತಿಯೊಳಗೆ ಹೊಂದಿದವು. ಅಷ್ಟು ದೂರದವರೆಗೆ ಅಲೆ ನಾಲ್ಕೇ ಆಯಾಮಗಳಲ್ಲಿ, ಎಂದರೆ ಮೂರು ದಿಕ್ಕು ಮತ್ತು ಕಾಲದಲ್ಲಿ, ಸಾಗಿ ಬಂದಂತಿದೆ.

ಗೆಲಾಕ್ಸಿಗೆ ಬೇಕಾದ ಹೆಚ್ಚುವರಿ ಎಳೆತ ಎಲ್ಲಿಂದ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಅದಕ್ಕೂ ಅವಳು ಗಜನಿಯಿಂದಲೇ ದಾರಿ ಹುಡುಕಿದಳು: ಇಳಿತದಲ್ಲಿ ನೀರು ಹೊರಗೆ ಹೋಗುವ ತೂತಿನಿಂದಲೇ ಭರತಿಯಲ್ಲಿ ನೀರು ಒಳಗೆ ಬರುತ್ತದೆ. ಎಂದರೆ, ನಮ್ಮ ಹಾಳೆಯ ಪಕ್ಕದಲ್ಲಿ ಇನ್ನೊಂದು ಹಾಳೆ ಇದ್ದು, ಅಲ್ಲಿನ ದ್ರವ್ಯದ ಗುರುತ್ವ ನಮ್ಮ ಕಡೆಗೆ ಸೋರಿ ಬರುತ್ತಿದ್ದರೆ? ಬೆಳಕು ದಾಟದು, ಎಳೆತ ಮಾತ್ರ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ಅದು ಕಾಣದ ದ್ರವ್ಯ. ಇದು ತನ್ನದೇ ಹೊಸ ಕಲ್ಪನೆ ಎಂದು ಅವಳು ಎರಡು ದಿನ ನಂಬಿದ್ದಳು, ನಾನೂ ನಂಬಿದ್ದೆ. ಆಮೇಲೆ ನೋಡಿದರೆ, ಮಡಚಿಟ್ಟ ಹಾಳೆಯ ಪಕ್ಕದ ಮಡಿಕೆಗಳಲ್ಲಿರುವ ಸಾಮಾನ್ಯ ದ್ರವ್ಯವೇ ನಮಗೆ ಕಪ್ಪು ದ್ರವ್ಯವಾಗಿ ತೋರಬಹುದು ಎಂಬ ಮಾತನ್ನು ಅರ್ಕಾನಿ-ಹಮೆದ್ ಮತ್ತು ಸಂಗಡಿಗರು 2000ದಲ್ಲಿಯೇ ಬರೆದಿದ್ದರು. ಅವಳ ಮುಖ ಸಪ್ಪಗಾದದ್ದು ನಿಜ, ಆದರೆ ನನಗೆ ಅದು ಸಮಾಧಾನ ತಂದಿತು: ದಿಕ್ಕು ಸರಿಯಾಗಿದೆ ಎಂಬುದಕ್ಕೆ ಅದು ಆಧಾರ.

ಈ ದಾರಿಯ ತೊಡಕು ಬೇರೆ ಬಗೆಯದು. ಪಕ್ಕದ ಹಾಳೆಯಲ್ಲಿರುವುದು ನಮ್ಮಂತಹುದೇ ದ್ರವ್ಯವಾದರೆ ಅದೂ ನಮ್ಮ ಅನಿಲದಂತೆ ಬೆಳಕು ಸೂಸಿ, ತಣಿದು, ಕುಸಿದು, ತಟ್ಟೆಯಾಗಿ ಸುತ್ತಬೇಕು. ನಮ್ಮ ಗೆಲಾಕ್ಸಿಗಳನ್ನು ಸುತ್ತುವರಿದ ಕಪ್ಪು ದ್ರವ್ಯ ಹಾಗೆ ಕುಸಿದಿಲ್ಲ, ತಟ್ಟೆಯಿಂದ ಬಹುದೂರದವರೆಗೆ ಗುಂಡಾಗಿ ಹರಡಿದೆ. 2006ರಲ್ಲಿ ಪ್ರಕಟವಾದ ಬುಲೆಟ್ ಗುಚ್ಛದ ಅಳತೆಯೂ ಇದನ್ನೇ ಹೇಳುತ್ತದೆ: ಎರಡು ಗೆಲಾಕ್ಸಿ ಗುಚ್ಛಗಳು ಡಿಕ್ಕಿ ಹೊಡೆದಾಗ ಅನಿಲ ಮಧ್ಯದಲ್ಲಿ ತೊಡರಿ ನಿಂತಿತು, ದ್ರವ್ಯರಾಶಿಯ ಬಹುಪಾಲು ಒಂದನ್ನೊಂದು ಹಾದು ಮುಂದೆ ಹೋಯಿತು. ಪಕ್ಕದ ಹಾಳೆಯ ದ್ರವ್ಯ ಅನಿಲದಂತಿದ್ದರೆ ಅದೂ ತೊಡರಬೇಕಿತ್ತು. ಕಾಲಂನಲ್ಲಿ ಅವಳು ಹೀಗೆ ಬರೆದಳು: ದಿಕ್ಕು ಸರಿ, ಅಳತೆಗೆ ಅವಕಾಶವಿದೆ, ಸಾಕ್ಷ್ಯ ವಿರುದ್ಧ, ಆ ಹಾಳೆಯ ದ್ರವ್ಯ ಬೇರೆ ಬಗೆಯದೆಂದು ಭಾವಿಸದ ಹೊರತು.

ಒಂದು ಕೂದಲಿನ ಅಳತೆ

ಕಪ್ಪು ಶಕ್ತಿಯ ಸಾಂದ್ರತೆಯಿಂದ ಒಂದು ಉದ್ದ ಹುಟ್ಟುತ್ತದೆ ಎಂಬುದನ್ನು ಅವಳಿಗೆ ಹೇಳಿದ್ದು ನಾನು, ಇಡೀ ಪ್ರಾಜೆಕ್ಟಿಗೆ ನನ್ನ ಉಪಯುಕ್ತ ಕೊಡುಗೆ ಇದೊಂದೇ ಎನ್ನಬಹುದು. ಒಂದು ಘನಮೀಟರ್ ಖಾಲಿ ಜಾಗದಲ್ಲಿ ಸುಮಾರು ಮೂರೂವರೆ ಪ್ರೋಟಾನಿನ ತೂಕಕ್ಕೆ ಸಮನಾದಷ್ಟು ಕಪ್ಪು ಶಕ್ತಿ ಇದೆ. 2πಯಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗಗಳ ಗುಣಲಬ್ಧವನ್ನು ಆ ಸಾಂದ್ರತೆಯಿಂದ ಭಾಗಿಸಿ ನಾಲ್ಕನೇ ಮೂಲ ತೆಗೆದರೆ ಬರುವುದು ಒಂದು ಉದ್ದ. ಅವಳು ತೆಗೆದಳು: ಸುಮಾರು 88 ಮೈಕ್ರೊಮೀಟರ್, ಎಂದರೆ 0.088 ಮಿಲಿಮೀಟರ್. ಅಂಕಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಜಡೆಯಿಂದ ಒಂದು ಕೂದಲು ಎಳೆದು, ಮೊದಲನೇ ವರ್ಷದ ಮಕ್ಕಳು ಬಳಸುವ ಸ್ಕ್ರೂ ಗೇಜಿನ ಎರಡು ತುಟಿಗಳ ನಡುವೆ ಇಟ್ಟು, ಟಿಕ್ ಟಿಕ್ ಎನ್ನುವವರೆಗೆ ತಿರುಗಿಸಿದಳು. ಶೂನ್ಯ ದೋಷ ಕಳೆದು 0.08 ಮಿಲಿಮೀಟರ್. ನೂರಾರು ಕೋಟಿ ಜ್ಯೋತಿರ್ವರ್ಷಗಳ ಆಚೆಯ ಸೂಪರ್‌ನೋವಾಗಳಿಂದ ಅಳೆದ ಒಂದು ಅಂಕಿ ಒಂದು ಕೂದಲಿನ ದಪ್ಪದ ಆಸುಪಾಸಿಗೆ ಬಂದು ನಿಂತಿತ್ತು.

ಇದು ಕಾಕತಾಳೀಯವಿರಬಹುದು, ಆದರೆ ಈ ಅಳತೆಯನ್ನು ಗಂಭೀರವಾಗಿ ತೆಗೆದುಕೊಂಡವರಿದ್ದಾರೆ. 2022ರಲ್ಲಿ ಮೊಂಟೆರೊ, ವಫಾ, ವಾಲೆನ್ಜುವೆಲಾ ಈ ಮೂವರು, ಕಪ್ಪು ಶಕ್ತಿ ಇಷ್ಟು ಅಲ್ಪವಾಗಿರುವುದಕ್ಕೂ ಒಂದು ಹೆಚ್ಚುವರಿ ಆಯಾಮ ಇಷ್ಟು ದೊಡ್ಡದಾಗಿರುವುದಕ್ಕೂ ನಂಟಿದೆ, ಆ ಆಯಾಮ ಸುಮಾರು 1ರಿಂದ 10 ಮೈಕ್ರೊಮೀಟರ್ ಇರಬಹುದು ಎಂದು ವಾದಿಸಿದರು. ಅದಕ್ಕೆ ‘ಡಾರ್ಕ್ ಡೈಮೆನ್ಷನ್’ ಎಂಬ ಹೆಸರು. ಆ ಸುರುಳಿಯಲ್ಲಿ ಸುತ್ತುವ ಗುರುತ್ವದ ಕಣಗಳು ನಮಗೆ ತೂಕವುಳ್ಳ ಕಣಗಳಂತೆ ತೋರುತ್ತವೆ, ಕಪ್ಪು ದ್ರವ್ಯ ಅವೇ ಇರಬಹುದು ಎಂಬ ಮಾತು ಅದರ ಬೆನ್ನಿಗೇ ಬಂತು. ಗಮನಿಸಬೇಕಾದದ್ದು ಇದು: ಇಲ್ಲಿ ಗೆಲಾಕ್ಸಿಯ ಮಟ್ಟದಲ್ಲಿ ಗುರುತ್ವದ ನಿಯಮ ಬದಲಾಗುವುದಿಲ್ಲ, ಸೋರಿಕೆ ಇಲ್ಲ. ಕಪ್ಪು ದ್ರವ್ಯ ದ್ರವ್ಯವಾಗಿಯೇ ಉಳಿಯುತ್ತದೆ, ಹುಟ್ಟಿದ ಜಾಗ ಮಾತ್ರ ಬೇರೆ. ಅವಳ ಮೊದಲ ವಾಕ್ಯದ ಆಸೆ ಒಂದರ್ಥದಲ್ಲಿ ಹಿಂಬಾಗಿಲಿನಿಂದ ಮರಳಿ ಬಂದಿತ್ತು, ಆದರೆ ಬೇರೆ ವೇಷದಲ್ಲಿ.

ಪರೀಕ್ಷೆ ನಡೆದಿರುವುದು ಮೇಜಿನ ಮೇಲೆ. 1798ರಲ್ಲಿ ಕ್ಯಾವೆಂಡಿಶ್ ಬಳಸಿದ ತಿರುಚು ತಕ್ಕಡಿಯ ವಂಶದ ಉಪಕರಣದಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವು ಲೋಹದ ತಟ್ಟೆಗಳನ್ನು 52 ಮೈಕ್ರೊಮೀಟರ್ ಸನಿಹಕ್ಕೆ ತಂದು ವಿಲೋಮ ವರ್ಗ ನಿಯಮವನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನ್ಯೂಟನ್ ಗೆದ್ದಿದ್ದಾನೆ. ಅದರಿಂದ ಹೊರಡುವ ಮಿತಿ: ಅಂಥ ಒಂದು ಆಯಾಮ ಇದ್ದರೆ ಸುಮಾರು 30 ಮೈಕ್ರೊಮೀಟರಿಗಿಂತ ಚಿಕ್ಕದಿರಬೇಕು. ಹತ್ತು ಮೈಕ್ರೊಮೀಟರಿನ ಆಯಾಮಕ್ಕೆ ಇನ್ನೂ ಜಾಗ ಉಳಿದಿದೆ, ಹೆಚ್ಚೇನೂ ಇಲ್ಲ.

ಸುದ್ದಿ ಮತ್ತು ವೈವಾ

ನಡುವೆ ಒಂದು ಇರುಸುಮುರುಸು. ನಾನು ಸ್ಟಾಫ್ ರೂಮಿನಲ್ಲಿ ತೋರಿಸಿದ್ದ ಹಳೆಯ ಗ್ರಾಫ್ ಯಾರದೋ ಮೂಲಕ ಸ್ಥಳೀಯ ವರದಿಗಾರರೊಬ್ಬರಿಗೆ ತಲುಪಿ, ಅವರು ‘ವಿಶ್ವದ ರಹಸ್ಯ ಭೇದಿಸಿದ ಕರಾವಳಿಯ ಹುಡುಗಿ’ ಎಂಬ ಧಾಟಿಯಲ್ಲಿ ಬರೆಯಲು ಸಿದ್ಧರಾಗಿ ಫೋಟೋ ಕೇಳಿದರು. ಅದೇ ವಾರ ಹಣ ಕೊಟ್ಟರೆ ಹತ್ತು ದಿನದಲ್ಲಿ ಪ್ರಬಂಧ ಅಚ್ಚು ಹಾಕುವ ಪತ್ರಿಕೆಯೊಂದರ ಮಿಂಚಂಚೆಯೂ ಬಂತು. ಮನೆಯವರಿಗೆ ಹೆಮ್ಮೆ, ಕಾಲೇಜಿಗೂ ಬೇಡವೆನ್ನುವ ಮನಸ್ಸಿಲ್ಲ. ಅವಳು ಎರಡಕ್ಕೂ ಬೇಡ ಎಂದಳು. ಅಪ್ಪ ನನಗೆ ಫೋನ್ ಮಾಡಿ, “ಮಾಸ್ತರ್ರೇ, ಇವಳು ಲೆಕ್ಕ ತಪ್ಪಾಗಿತ್ತು ಅಂತಾಳೆ, ಹೌದಾ?” ಎಂದು ಕೇಳಿದರು. ಹೌದು, ತಪ್ಪು ಕಂಡು ಹಿಡಿದವಳೂ ಅವಳೇ ಎಂದೆ. “ಹಂಗಾದ್ರೆ ಅಡ್ಡಿಲ್ಲ” ಎಂದು ಇಟ್ಟರು.

ವೈವಾದಲ್ಲಿ ಪರೀಕ್ಷಕರು, ಆಗದು ಎಂದು ತೋರಿಸಿದ್ದನ್ನು ಪ್ರಾಜೆಕ್ಟು ಎನ್ನಬಹುದೇ ಎಂದು ಕೇಳಿದರು. ಅವಳು ಡಿಡಿಒ 154ರ ಪುಟ ತೆರೆದು, ಅದನ್ನು ಪಕ್ಕಕ್ಕಿಡಲು ತನಗೆ ಹೇಳಲಾಗಿತ್ತೆಂಬುದನ್ನು ಹೇಳದೆ, ಅಲ್ಲಿಂದಲೇ ವಿವರಿಸಲು ಶುರುಮಾಡಿದಳು. ಅಂಕಗಳು ಚೆನ್ನಾಗಿಯೇ ಬಂದವು.

ಇದಾದ ಮೇಲೆ ನಮ್ಮ ವಿಭಾಗದಲ್ಲಿ ಪ್ರಾಜೆಕ್ಟಿನ ಪ್ರಸ್ತಾವನಾ ಪತ್ರದಲ್ಲಿ ಒಂದು ಸಾಲು ಸೇರಿಸಿದ್ದೇವೆ: ನೀವು ಹೇಳುವ ಕಾರಣದಿಂದ ಅಳೆಯುವ ಅಂಕಿ ಏರಬೇಕೇ, ಇಳಿಯಬೇಕೇ. ಸೂತ್ರ ಹಚ್ಚುವ ಮೊದಲೇ ಇದನ್ನು ಬರೆದು ಸಹಿ ಮಾಡಬೇಕು. ಸೋಲಾರ್ ಸೆಲ್ಲಿನವರೂ ಬರೆಯುತ್ತಾರೆ, ಬಹಳ ಮಂದಿ ಗೊಣಗುತ್ತಾರೆ. ಎರಡನೇ ಉದಾಹರಣೆಗೆ ಮೊದಲಿನದೇ ಅಂಕಿ ಒಗ್ಗದಿದ್ದರೆ ಮಾರ್ಗದರ್ಶಕರು ಅದನ್ನು ಪಕ್ಕಕ್ಕಿಡಲು ಹೇಳುವಂತಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಸೇರಿಸಿಲ್ಲ. ಅದು ನನಗೆ ನಾನೇ ಹಾಕಿಕೊಂಡದ್ದು.

ಅವಳು ಈಗ ಬೇರೆ ಊರಿನಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. 2025ರ ಮಾರ್ಚಿನಲ್ಲಿ ಗೆಲಾಕ್ಸಿಗಳ ನಕ್ಷೆ ತಯಾರಿಸುವ ಡೆಸಿ ಎಂಬ ಸಮೀಕ್ಷೆಯ ಫಲಿತಾಂಶ ಬಂದು, ಕಪ್ಪು ಶಕ್ತಿ ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದು ಎಂಬ ಸುಳಿವು, ಸಾಬೀತಾಯಿತು ಎನ್ನುವಷ್ಟು ಗಟ್ಟಿಯಲ್ಲದ ಸುಳಿವು, ಇನ್ನೊಂದಿಷ್ಟು ಬಲಗೊಂಡಾಗ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿದಳು. “ಸರ್, ಶಕ್ತಿ ಇಳಿದರೆ ಆ ಉದ್ದ ಏರುತ್ತದೆ. ಹತ್ತು ಪ್ರತಿಶತ ಇಳಿದರೂ ನಾಲ್ಕನೇ ಮೂಲವಲ್ಲ, 88 ಇದ್ದದ್ದು 90ರ ಮೇಲೆ ಸ್ವಲ್ಪ ಆಗುತ್ತದೆ ಅಷ್ಟೇ.” ನಮ್ಮ ಸ್ಕ್ರೂ ಗೇಜಿಗೆ ಅದು ಕಾಣದು ಎಂದೆ. “ಕಾಣುವುದಿಲ್ಲ ಸರ್, ಅದರದ್ದು ಲೀಸ್ಟ್ ಕೌಂಟೇ ಹತ್ತು,” ಎಂದಳು.